ಜ್ಯೇಷ್ಠಾ ನಕ್ಷತ್ರದವಳ ಕೈನೀರು

ತೊಳೆದ ಲೋಟವನ್ನೇ ಕಿರಿಯ ಸೊಸೆ ಮತ್ತೆ ಮತ್ತೆ ಉಜ್ಜುತ್ತಿದ್ದಳು. ಹಜಾರದಲ್ಲಿ ಭಾವನ ದೇಹವಿತ್ತು; ಗಾಡಿ ಇನ್ನೂ ಬಂದಿರಲಿಲ್ಲ. ಗಂಡನನ್ನು ಸಾಕಿದ ಅತ್ತೆ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

"ನಿನ್ನೆ ಅವನ ಹತ್ರ ಇದ್ದೋಳು ನೀನೊಬ್ಳೇ. ನೀರು ಕೊಟ್ಟೆ ಅಂದೆಯಲ್ಲ, ಮೇಜಿನ ಮೇಲೆ ಇಟ್ಟೆಯೋ, ಕೈಗೆ ಕೊಟ್ಟೆಯೋ?"

"ಮೇಜಿನ ಮೇಲೇ ಇಟ್ಟಿರ್ತಾಳೆ, ಬಿಡಿ ಅತ್ತೆ," ಎಂದ ಗಂಡ ಹಜಾರದಿಂದ, ಅವಳ ಮುಖ ನೋಡದೆ.

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ಮತ್ತೆ ಲೋಟ ಉಜ್ಜತೊಡಗಿದಳು.

ಅವಳು ಹುಟ್ಟಿದ್ದು ಜ್ಯೇಷ್ಠಾ ನಕ್ಷತ್ರದಲ್ಲಿ. ವೃಶ್ಚಿಕ ರಾಶಿಯ ಚೇಳಿನ ಎದೆಯಲ್ಲಿ ಕೆಂಡದ ಹಾಗೆ ಕೂತ ಆ ನಕ್ಷತ್ರದ ಹೆಣ್ಣು ಗಂಡನ ಅಣ್ಣನನ್ನು ನುಂಗುತ್ತಾಳೆ ಎಂದು ಅತ್ತೆ ಮದುವೆಗೆ ಅಡ್ಡ ನಿಂತಿದ್ದರು. ತಬ್ಬಲಿ ಅಣ್ಣತಮ್ಮಂದಿರನ್ನು ಸಾಕಿದ ಸೋದರತ್ತೆ ಅವರು. ಅವರು ಅಡ್ಡ ನಿಂತರೆ ನಕ್ಷತ್ರಗಳೇ ದಾರಿ ಬಿಡಬೇಕು. ಕಡೆಗೆ ಭಾವನೇ ಕಾಡಿ ಬೇಡಿ ಒಪ್ಪಿಸಿದರು. ಅತ್ತೆ ಹಾಕಿದ್ದು ಒಂದೇ ಷರತ್ತು: ಇವಳ ಕೈಯಿಂದ ಅವನ ಕೈಗೆ ಏನೂ ದಾಟಬಾರದು.

ಅಂದಿನಿಂದ ತಟ್ಟೆ, ಪೇಪರು, ಬೀಗದ ಕೈ, ಎಲ್ಲವೂ ಮೊದಲು ಮೇಜಿಗೆ, ಆಮೇಲೆ ಭಾವನಿಗೆ. ಚೊಚ್ಚಲ ಮಗುವನ್ನೂ ಅವಳು ಮೇಜಿನ ಮೇಲೆ ಮಲಗಿಸಿ ಹಿಂದೆ ಸರಿದಿದ್ದಳು. ಭಾವ ನಗುತ್ತ ಎತ್ತಿಕೊಂಡರು. ಅವಳಿಗೆ ಅಳು ಬಂದಿತ್ತು.

*

ಭಾವನದು ಕನ್ನಡಕದ ಗಾಜು ಉಜ್ಜುವ ಕೆಲಸ. ಅಂಗಡಿಯಲ್ಲಿ ಮಿಕ್ಕ ಗಾಜಿನಿಂದ ಒಂದು ದೂರದರ್ಶಕ ಮಾಡಿಕೊಂಡಿದ್ದರು. ಒಂದು ಸಂಜೆ ಮಹಡಿಗೆ ಕರೆದು ಅವಳಿಗೆ ತೋರಿಸಿದರು. ಕೊಳವೆಯೊಳಗೆ ಕೆಂಪು ಚುಕ್ಕೆಯೊಂದು ನಡುಗುತ್ತಿತ್ತು.

"ನೋಡಮ್ಮ, ನಿನ್ನ ನಕ್ಷತ್ರ. ಅಷ್ಟು ದೂರದಲ್ಲಿರೋ ಪಾಪದ್ದಕ್ಕೆ ನನ್ನ ಮನೆ ವಿಳಾಸ ಯಾರು ಕೊಟ್ಟಿರ್ತಾರೆ?"

ಅವಳು ನಕ್ಕಿದ್ದಳು. ಆದರೆ ಇಳಿಯುವಾಗ ಟಾರ್ಚನ್ನು ಅವರ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟಳು. ಭಾವ ಬಗ್ಗಿ ಎತ್ತಿಕೊಂಡರು.

*

ನಿನ್ನೆ ಮಧ್ಯಾಹ್ನ ಎದೆ ಹಿಡಿದು ಕೂತವರು ನೀರು ಕೇಳಿದರು. ಡಾಕ್ಟರಿಗೆ ಫೋನ್ ಮಾಡಿ ಓಡಿಬಂದವಳು ಲೋಟವನ್ನು ಮೇಜಿನ ಮೇಲಿಟ್ಟಳು. ಅವರ ಕೈ ಅಲ್ಲಿಯವರೆಗೆ ಬರಲಿಲ್ಲ.

"ಇವತ್ತಾದ್ರೂ ಕೈಗೆ ಕೊಡಮ್ಮ."

ಕೊಟ್ಟಳು. ಎರಡು ಗುಟುಕು ಕುಡಿದರು. ಡಾಕ್ಟರು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಆ ನೀರೇ ಅವರನ್ನು ಕೊಂದಿತೇ? ರಾತ್ರಿಯಿಡೀ ಅವಳನ್ನು ಕೊರೆದದ್ದು ಅದೊಂದೇ.

*

"ಬಾಯಿ ಬಿಡೇ," ಎಂದರು ಅತ್ತೆ.

"ಕೈಗೇ ಕೊಟ್ಟೆ, ಅತ್ತೆ. ಅವರೇ ಕೇಳಿದ್ರು."

ಹಜಾರದಲ್ಲಿ ಕೂತಿದ್ದವರೆಲ್ಲ ಇತ್ತ ತಿರುಗಿದರು. ಗಂಡ ತಲೆ ತಗ್ಗಿಸಿದ. "ಅಂತೂ ನುಂಗಿಬಿಟ್ಟೆಯಲ್ಲೇ!" ಎಂದು ಅತ್ತೆ ಎದೆ ಎದೆ ಬಡಿದುಕೊಂಡರು. ಬಾಗಿಲ ಬಳಿ ಇದ್ದ ಹೆಂಗಸರು ಸೆರಗು ಎಳೆದುಕೊಂಡು ಅವಳಿಂದ ದೂರ ಸರಿದರು.

ದೇಹದ ಪಕ್ಕ ಭಾವನ ಹೆಂಡತಿ, ಸೊಸೆ ಅಕ್ಕ ಎಂದು ಕರೆಯುತ್ತಿದ್ದವಳು, ಬೆಳಗಿನಿಂದ ಮೊಣಕಾಲಿಗೆ ಹಣೆ ಒತ್ತಿ ಕೂತಿದ್ದಳು. ಈಗ ತಲೆಯೆತ್ತಿದಳು.

"ನಂಗೆ ನೀರು ಬೇಕು. ನೀನೇ ತಂದುಕೊಡು."

ಸೊಸೆ ನೀರು ತಂದಳು. ಇನ್ನು ಯಾರ ಕೈಗೂ ಕೊಡುವ ಧೈರ್ಯವಿಲ್ಲದೆ ಲೋಟವನ್ನು ಮೇಜಿನ ಮೇಲಿಟ್ಟಳು.

"ಅಲ್ಲಲ್ಲ. ಇಲ್ಲಿ." ಚಾಚಿದ ಕೈಯನ್ನು ಅಕ್ಕ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೊಸೆ ಲೋಟ ಎತ್ತಿದಳು. ನೀರು ಒಂದಿಷ್ಟು ನೆಲಕ್ಕೆ ಚೆಲ್ಲಿತು. ಅಕ್ಕ ಲೋಟದ ಜೊತೆ ಅವಳ ಬೆರಳುಗಳನ್ನೂ ಸೇರಿಸಿ ಹಿಡಿದು, ಅತ್ತೆಯ ಮುಖವನ್ನೇ ನೋಡುತ್ತ, ತಳದವರೆಗೂ ಕುಡಿದಳು.