ನಾಲ್ಕು ದಿನ ತರಬೇಡಮ್ಮ

ಸಂಜೆಯ ಹಾಲು ಅಳೆಯುವುದು ಮುಗಿದು ಡೇರಿಗೆ ಬೀಗ ಬಿದ್ದ ಮೇಲೆ ಅಪ್ಪಯ್ಯಣ್ಣ ನೇರ ಮನೆಗೆ ಬಂದು, ಕೈಕಾಲು ತೊಳೆದು ಟಿ.ವಿ. ಮುಂದೆ ಕೂರುತ್ತಿದ್ದ. ಸಾಸಲು ಹೋಬಳಿಯ ಆ ಸಣ್ಣ ಹಳ್ಳಿಯಲ್ಲಿ ಅವನು ಹಾಲಿನ ಸಂಘದ ಅಧ್ಯಕ್ಷ. ಊರಿನ ಜಗಳ, ಮದುವೆ ಮಾತುಕತೆ ಎಲ್ಲದಕ್ಕೂ ಅವನು ಬೇಕು. ಸಮಾಧಾನದಿಂದ ಮಾತಾಡುವ ಮನುಷ್ಯ ಎಂದು ಹೆಸರಿತ್ತು.

ಆ ದಿನಗಳಲ್ಲಿ ಊರಿಗೆ ಊರೇ ಒಂದು ಸೀರಿಯಲ್ ನೋಡುತ್ತಿತ್ತು. ಬೇರೆ ದೇಶದ ಕಥೆ, ಕನ್ನಡದ ದನಿ ಕೂಡಿಸಿದ್ದರು. ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚುವುದು, ಕಚ್ಚಿಸಿಕೊಂಡವರು ತಾವೂ ಹಾಗೆಯೇ ಆಗುವುದು. ಜಾಂಬಿ ಸೀರಿಯಲ್ ಎಂದೇ ಎಲ್ಲರ ಬಾಯಲ್ಲಿ ಅದರ ಹೆಸರು. ಅಪ್ಪಯ್ಯಣ್ಣ ಅದನ್ನು ಸೊಸೆ ಜ್ಯೋತಿಲಕ್ಷ್ಮಿಯ ಜೊತೆ ನೋಡುತ್ತಿದ್ದ. ಅವಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಮಗ ನವೀನ್‌ಕುಮಾರ್ ಏರ್‌ಪೋರ್ಟ್ ಕಡೆ ಪಾಳಿಯ ಕೆಲಸಕ್ಕೆ ಹೋದರೆ, ಮನೆಯಲ್ಲಿ ಉಳಿಯುತ್ತಿದ್ದವರು ಮಾವ, ಸೊಸೆ ಮತ್ತು ಮೊಮ್ಮಗಳು.

ಒಂದು ಸಂಜೆಯ ಕಂತಿನಲ್ಲಿ ಅಪಾರ್ಟ್‌ಮೆಂಟಿನ ಜನ ಕೆಮ್ಮುತ್ತಿದ್ದ ಮುದುಕನೊಬ್ಬನನ್ನು ಹೆಂಡತಿಯ ಸಮೇತ ಒಳಗೇ ಬಿಟ್ಟು, ಹೊರಗಿನಿಂದ ಬಾಗಿಲಿಗೆ ಹಲಗೆ ಹೊಡೆದರು. ಕಥೆಯಲ್ಲಿ ರೋಗ ಶುರುವಾಗಿ ಇನ್ನೂ ವಾರ ತುಂಬಿರಲಿಲ್ಲ.

“ಇದು ನಂಬೋ ಅಂಥದ್ದಲ್ಲ ಕಣಮ್ಮ,” ಎಂದ ಅಪ್ಪಯ್ಯಣ್ಣ. “ಹೆಣ ಎದ್ದು ಬರೋದನ್ನ ಬೇಕಾದ್ರೆ ಒಪ್ಕೋತೀನಿ. ಆದ್ರೆ ವರ್ಷಾನುಗಟ್ಟಲೆ ಅಕ್ಕಪಕ್ಕ ಇದ್ದೋರು ಒಂದು ವಾರಕ್ಕೆ ಹಿಂಗಾಗ್ಬಿಡ್ತಾರಾ?”

ಜ್ಯೋತಿಲಕ್ಷ್ಮಿಯ ತಕರಾರು ಬೇರೆ. ಕರೆಂಟು, ಪೊಲೀಸು, ಆಸ್ಪತ್ರೆ ಎಲ್ಲವೂ ಒಂದೇ ವಾರದಲ್ಲಿ ನಿಂತುಹೋಗುವುದನ್ನು ಅವಳು ನಂಬುತ್ತಿರಲಿಲ್ಲ. ಜನ ಹಾಗಾಗುವುದು ಮಾತ್ರ ಸುಳ್ಳಲ್ಲ ಅನ್ನಿಸುತ್ತಿತ್ತು. ಕೊರೊನಾ ಬಂದಾಗ ಊರ ರಸ್ತೆಗೆ ಜಾಲಿ ಮುಳ್ಳು ಎಳೆದದ್ದನ್ನು ಅವಳು ನೆನಪಿಸಿದಳು. ಅದು ಸರ್ಕಾರದ ಲಾಕ್‌ಡೌನ್ ಎಂದ ಮಾವ. ಮುಳ್ಳು ಹಾಕಿ ಅಂತ ಸರ್ಕಾರ ಹೇಳಿರಲಿಲ್ಲ ಎಂದಳು ಸೊಸೆ. ಅವನು ನಕ್ಕು, ಬೆಂಗಳೂರಿನಂಥ ಊರಲ್ಲಿ ಬೇಕಾದರೆ ಬಾಗಿಲಿಗೆ ಹಲಗೆ ಹೊಡೆದಾರು, ನಮ್ಮಂಥ ಊರಲ್ಲಿ ಆಗದು ಎಂದು ಮಾತು ಮುಗಿಸಿದ.

ಅದೇ ವಾರ ಮುನಿವೆಂಕಟಮ್ಮನ ಹಸು ಮೇವು ಬಿಟ್ಟಿತು.

ಮುನಿವೆಂಕಟಮ್ಮನ ಮನೆ ಅಪ್ಪಯ್ಯಣ್ಣನ ಮನೆಯ ಹಿಂದಿನ ಬೀದಿಯಲ್ಲಿ. ಗಂಡ ಆವಲಪ್ಪ ಬೂದಿಗೆರೆ ಹತ್ತಿರ ಹೊಸ ಬಡಾವಣೆಯೊಂದರಲ್ಲಿ ಕಾವಲಿಗಿದ್ದ, ರಜೆ ಸಿಕ್ಕಾಗ ಬರುತ್ತಿದ್ದ. ಎರಡು ಸೀಮೆಹಸುಗಳನ್ನು ಕಟ್ಟಿಕೊಂಡು ಮನೆ ನಡೆಸುತ್ತಿದ್ದವಳು ಅವಳೇ. ಹಸು ಜೊಲ್ಲು ಸುರಿಸುತ್ತ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒದ್ದಾಡಿತು. ಹಲಸಿನ ಬೀಜವೋ ಏನೋ ಸಿಕ್ಕಿದೆ ಎಂದು ಅವಳು ಬಾಯೊಳಗೆ ಮೊಳಕೈವರೆಗೂ ಕೈ ಹಾಕಿ ತಡಕಿದಳು. ಹಲ್ಲು ತಗುಲಿ ಕೈ ತರಚಿತು. ಮರುದಿನ ಹಸು ಕಟ್ಟಿದ ಕಂಬಕ್ಕೆ ಹಾಯತೊಡಗಿ, ದನಿ ಒಡೆದು ಕೂಗಿತು. ದನದ ಡಾಕ್ಟರು ದೂರ ನಿಂತೇ ನೋಡಿ, ಹುಚ್ಚುನಾಯಿ ಕಚ್ಚಿರಬೇಕು, ಇದು ಉಳಿಯುವುದಿಲ್ಲ, ಬಾಯಿಗೆ ಕೈ ಹಾಕಿದವರು ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದರು. ಮಧ್ಯಾಹ್ನದ ಹೊತ್ತಿಗೆ ಹಸು ಸತ್ತಿತು. ಜೆ.ಸಿ.ಬಿ. ತರಿಸಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿಸಿದವನು ಅಪ್ಪಯ್ಯಣ್ಣನೇ.

ಆ ಹಸುವಿನ ಹಾಲು ಮೊನ್ನೆಯವರೆಗೂ ಡೇರಿಗೆ ಬಂದಿದೆ ಎಂಬುದು ಮೊದಲು ಹೊಳೆದದ್ದು ಯಾರಿಗೆಂದು ಗೊತ್ತಿಲ್ಲ. ಸಂಜೆಯೊಳಗೆ ಎಲ್ಲರ ಫೋನಿಗೂ ಮಾತು ತುಂಬಿದ ಒಂದು ಮೆಸೇಜು ಬಂತು. ಯಾರದೆಂದು ತಿಳಿಯದ ಗಂಡಸಿನ ದನಿ. ಹುಚ್ಚು ಹಸುವಿನ ಹಾಲು ಕುಡಿದವರು ಕೆಲವೇ ದಿನದಲ್ಲಿ ನಾಯಿ ಹಾಗೆ ಬೊಗಳುತ್ತಾರೆ, ಮನೆಯವರನ್ನೇ ಕಚ್ಚುತ್ತಾರೆ, ಸರ್ಕಾರ ಇದನ್ನು ಮುಚ್ಚಿಡುತ್ತಿದೆ ಎಂದು ಅದು ಹೇಳಿತು. ಸೀರಿಯಲ್ ನೋಡಿ ನೋಡಿ ಅಭ್ಯಾಸವಾಗಿದ್ದ ಊರಿಗೆ ಅದನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಾಗಲಿಲ್ಲ.

ಮಾರನೆಯ ಬೆಳಗ್ಗೆ ಮುನಿವೆಂಕಟಮ್ಮ ಆಸ್ಪತ್ರೆಗೆ ಹೊರಡುವ ಮುಂಚೆ ಉಳಿದ ಹಸುವಿನ ಹಾಲು ತೆಗೆದುಕೊಂಡು ಡೇರಿಗೆ ಬಂದಳು. ಆ ಹಸು ಚೆನ್ನಾಗಿತ್ತು, ಡಾಕ್ಟರೂ ನೋಡಿದ್ದರು. ಸಾಲಿನಲ್ಲಿದ್ದವರು ತಮ್ಮ ತಮ್ಮ ಕ್ಯಾನು ಎತ್ತಿಕೊಂಡು ಅಷ್ಟು ದೂರ ಸರಿದರು. ಅಂಗಡಿಯ ಟೀಗೆ ಹಾಲು ಕೊಳ್ಳಲು ಬಂದಿದ್ದ ಪಿಳ್ಳಣ್ಣ ಅಪ್ಪಯ್ಯಣ್ಣನ ಕಿವಿಯಲ್ಲಿ, ಇವಳ ಹಾಲು ಸೇರಿಸಿದರೆ ನಾಳೆಯಿಂದ ಯಾರೂ ಹಾಲು ತರುವುದಿಲ್ಲ ಎಂದ. ಅಪ್ಪಯ್ಯಣ್ಣ ಎದ್ದು ಹೊರಗೆ ಬಂದ.

“ಒಂದ್ನಾಲ್ಕು ದಿನ ತರಬೇಡಮ್ಮ,” ಎಂದ. “ಜನ ಹೆದರ್ಕೊಂಡವ್ರೆ. ತಪ್ಪು ತಿಳ್ಕೋಬೇಡ.”

“ಆಗ್ಲಿ ಅಣ್ಣ,” ಎಂದು ಅವಳು ಕ್ಯಾನು ಎತ್ತಿಕೊಂಡು ಹೋದಳು. ಎಲ್ಲಿಯೂ ದನಿ ಏರಲಿಲ್ಲ. ಸುಸೂತ್ರವಾಗಿ ಮುಗಿಯಿತೆಂದು ಅಪ್ಪಯ್ಯಣ್ಣನಿಗೆ ಸಮಾಧಾನವೇ ಆಯಿತು.

ಊರೂ ಹಾಗೆಯೇ ನಡೆದುಕೊಂಡಿತು. ನಲ್ಲಿಯ ಹತ್ತಿರ ಹೆಂಗಸರು, ನೀನು ಮೊದಲು ಹಿಡ್ಕೊಂಡು ಹೋಗಿಬಿಡಮ್ಮ ಎಂದು ಅವಳಿಗೆ ದಾರಿ ಬಿಟ್ಟರು, ಆಮೇಲೆ ನಲ್ಲಿಗೆ ಬಿಸಿನೀರು ಹೊಯ್ದರು. ಪಿಳ್ಳಣ್ಣ ಸಕ್ಕರೆಯ ಪೊಟ್ಟಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟ. ದಿನವೂ ಆಸ್ಪತ್ರೆಯ ಕಡೆ ಹೋಗುವ ಆಟೊದವನು ಜಾಗ ಇಲ್ಲ ಅಕ್ಕ ಎಂದು ಖಾಲಿ ಆಟೊ ಓಡಿಸಿಕೊಂಡು ಹೋದ. ಇದೆಲ್ಲ ಅಪ್ಪಯ್ಯಣ್ಣನಿಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಅವನು ಮೊಮ್ಮಗಳನ್ನೂ ಸೊಸೆಯನ್ನೂ ಕರೆದುಕೊಂಡು ಟೆಂಪೊ ಏರಿದ್ದ. ಊರಿನ ಅರ್ಧ ಜನ ಆಸ್ಪತ್ರೆಗೆ ಹೊರಟಿದ್ದರು. ಇಂಜೆಕ್ಷನ್ ಖಾಲಿಯಾಗುತ್ತದಂತೆ ಎಂದು ಯಾರೋ ಹೇಳಿದ್ದರು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಜ್ಯೋತಿಲಕ್ಷ್ಮಿ ದಾರಿಯುದ್ದಕ್ಕೂ, ಕಾಯಿಸಿದ ಹಾಲಿನಿಂದ ಬರುವುದಿಲ್ಲವಂತೆ ಮಾವ ಎಂದು ಹೇಳುತ್ತಲೇ ಇದ್ದಳು. ಹೇಳುತ್ತಿದ್ದವಳೂ ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಹೋಬಳಿಯ ಸರ್ಕಾರಿ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ಶಾಮಲಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೆಟ್ಟಿಲ ಮೇಲೆ ನಿಂತು, ಕಾಯಿಸಿದ ಹಾಲು ಕುಡಿದವರಿಗೆ ಏನೂ ಆಗುವುದಿಲ್ಲ, ಹಸುವಿನ ಜೊಲ್ಲು ಗಾಯಕ್ಕೆ ತಾಗಿದವರು ಮಾತ್ರ ಮುಂದೆ ಬನ್ನಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಇರುವ ಔಷಧಿ ಕಡಿಮೆ ಎಂದೂ ಹೇಳಿದಳು. ಜನಕ್ಕೆ ಕೇಳಿಸಿದ್ದು ಕೊನೆಯ ಮಾತು ಒಂದೇ. ಹಿಂದಿನಿಂದ ನೂಕು ಬಂತು. ಕಿಟಕಿಯ ಗಾಜು ಒಡೆಯಿತು. ಒಬ್ಬ ಬಸುರಿ ಬಿದ್ದಳು, ಯಾರೋ ಎತ್ತಿದರು. ಅಧ್ಯಕ್ಷರು ಎಂಬ ಮರ್ಯಾದೆಗೆ ಜನ ದಾರಿ ಬಿಟ್ಟಿದ್ದರಿಂದ ಅಪ್ಪಯ್ಯಣ್ಣ ಬಾಗಿಲ ಹತ್ತಿರವೇ ಇದ್ದ. ಡಾಕ್ಟರು ಅವನನ್ನು ಗುರುತಿಸಿ, “ನೀವು ಹೇಳಿದ್ರೆ ಕೇಳ್ತಾರೆ ಸರ್, ಹೇಳಿ,” ಎಂದಳು. ಅವನು ಮೊಮ್ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, “ಮೊದ್ಲು ಮಗೂಗೆ ಹಾಕ್ಬಿಡಿ ಮೇಡಂ, ಆಮೇಲೆ ಹೇಳ್ತೀನಿ,” ಎಂದ.

ಆಗ ಜ್ಯೋತಿಲಕ್ಷ್ಮಿ ಕೇಳಿದಳು: “ಮಾವ, ಮುನಿವೆಂಕಟಮ್ಮತ್ತೆಗೆ ಹಾಕಿದ್ರಾ?”

ಅವನು ಸುತ್ತ ನೋಡಿದ. ಅವಳು ಅಂಗಳದಲ್ಲಿ ಇರಲಿಲ್ಲ. ಗೇಟಿನಾಚೆ, ರಸ್ತೆಯ ಮಗ್ಗುಲಿನ ಮೋರಿಕಟ್ಟೆಯ ಮೇಲೆ ಕೂತಿದ್ದಳು. ಬಲಗೈಗೆ ಹಳೆಯ ಸೀರೆಯ ಬಟ್ಟೆ ಸುತ್ತಿಕೊಂಡಿದ್ದಳು. ಕಾಲಿಗೆಲ್ಲ ಕೆಂಪು ಧೂಳು, ನಡೆದೇ ಬಂದಿದ್ದಳು. ಅವಳ ಸುತ್ತ ಒಂದು ಲಾರಿ ನಿಲ್ಲುವಷ್ಟು ಜಾಗ ಖಾಲಿ ಇತ್ತು.

ಅಪ್ಪಯ್ಯಣ್ಣ ಜನರನ್ನು ಬಿಡಿಸಿಕೊಂಡು ಅವಳ ಹತ್ತಿರ ಬಂದ. ಇಲ್ಲೇಕೆ ಕೂತೆ ಎಂದು ಕೇಳಿದ.

“ಒಳಗೆ ಬಂದ್ರೆ ಜನ ಗಾಬರಿ ಆಗ್ತಾರೆ ಅಣ್ಣ,” ಎಂದಳು. “ಎಲ್ಲರದೂ ಆಗ್ಲಿ. ಉಳಿದ್ರೆ ನನಗೂ ಹಾಕ್ತಾರೆ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇಡೀ ಊರಿನಲ್ಲಿ ಆ ಔಷಧಿ ನಿಜಕ್ಕೂ ಬೇಕಾಗಿದ್ದದ್ದು ಇವಳೊಬ್ಬಳಿಗೆ. ಅದನ್ನು ಡಾಕ್ಟರು ಹೇಳಿದ್ದು ಅವನು ಬಾಗಿಲಲ್ಲೇ ನಿಂತು ಕೇಳಿದ್ದ. ಅವಳ ಸರದಿಯನ್ನು ಕಿತ್ತುಕೊಂಡವರ ಸಾಲಿನಲ್ಲಿ ಮೊದಲು ನಿಂತಿದ್ದವನು ತಾನೇ.

“ಏಳಮ್ಮ,” ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಗೇಟಿನೊಳಗೆ ಬಂದಾಗ ಜನ ಸರಸರನೆ ಸರಿದು ದಾರಿ ಬಿಟ್ಟರು. ಈ ಸಲ ಅದು ಅಧ್ಯಕ್ಷರ ಮರ್ಯಾದೆಗಲ್ಲ ಎಂಬುದು ಅವನಿಗೆ ತಿಳಿದಿತ್ತು. ಪಿಳ್ಳಣ್ಣ ಅಡ್ಡ ಬಂದು ಮೆಲ್ಲಗೆ, ನಮ್ಮ ಮನೆಯಲ್ಲೂ ಮಕ್ಕಳಿದ್ದಾರೆ ಅಪ್ಪಯ್ಯಣ್ಣ, ಸ್ವಲ್ಪ ಯೋಚನೆ ಮಾಡು ಎಂದ. ಅವನ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು.

“ನಮ್ಮನೇಲೂ ಮಗು ಐತೆ ಪಿಳ್ಳಣ್ಣ,” ಎಂದ ಅಪ್ಪಯ್ಯಣ್ಣ, ಎಲ್ಲರಿಗೂ ಕೇಳುವಂತೆ. “ಅದೇ ಡೇರಿ ಹಾಲು ನಾವೂ ಕಾಯಿಸಿ ಕುಡಿದಿದೀವಿ. ನಾವ್ಯಾರೂ ಹಾಕಿಸ್ಕೊಳ್ತಿಲ್ಲ. ಜ್ಯೋತಿ, ಮಗೂನ ಕರ್ಕೊಂಡು ಆಚೆ ಬಾ.”

ಜ್ಯೋತಿಲಕ್ಷ್ಮಿ ಒಂದು ಗಳಿಗೆ ತಡೆದಳು. ಮಗಳ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅವಳ ಹಿಂದೆ ಇನ್ನೂ ಕೆಲವರು ಸಾಲು ಬಿಟ್ಟರು. ಬಿಡದವರೂ ಇದ್ದರು, ಅಪ್ಪಯ್ಯಣ್ಣನನ್ನು ಬೈದವರೂ ಇದ್ದರು. ಆದರೆ ನೂಕುವುದು ನಿಂತಿತು.

ಡಾಕ್ಟರು ಗಾಯವನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದಳು. ಇಂಜೆಕ್ಷನ್ ಕೊಟ್ಟು, ಗಾಯದ ಸುತ್ತ ಹಾಕುವ ಇನ್ನೊಂದು ಔಷಧಿ ದೊಡ್ಡಬಳ್ಳಾಪುರದಲ್ಲಿ ಸಿಗುತ್ತದೆ, ಇವತ್ತೇ ಹೋಗಬೇಕು ಎಂದಳು. ಅಪ್ಪಯ್ಯಣ್ಣ ಪರಿಚಯದವರ ಬೈಕು ಕೇಳಿ ತೆಗೆದುಕೊಂಡು ಅವಳನ್ನು ಹಿಂದೆ ಕೂರಿಸಿಕೊಂಡ. ದಾರಿಯಲ್ಲಿ ಹೊಂಡ ಬಂದಾಗಲೆಲ್ಲ ಅವನು, ಗಟ್ಟಿಯಾಗಿ ಹಿಡ್ಕೋಮ್ಮ ಎನ್ನುತ್ತಿದ್ದ.

ದಿನ ಕಳೆದವು. ಊರಲ್ಲಿ ಯಾರೂ ಬೊಗಳಲಿಲ್ಲ, ಯಾರೂ ಯಾರನ್ನೂ ಕಚ್ಚಲಿಲ್ಲ. ಡಾಕ್ಟರು ಹೇಳಿದ ದಿನಗಳಿಗೆಲ್ಲ ಆವಲಪ್ಪ ರಜೆ ಹಾಕಿ ಬಂದು ಹೆಂಡತಿಗೆ ಉಳಿದ ಇಂಜೆಕ್ಷನ್ ಹಾಕಿಸಿದ. ಫೋನಿಗೆ ಬಂದ ದನಿಯನ್ನು ಜನ ಅಳಿಸಿ ಹಾಕಿ, ನಾವಂತೂ ಆಗಲೇ ನಂಬಿರಲಿಲ್ಲ ಎಂದುಕೊಂಡರು. ಸೀರಿಯಲ್ ಕೂಡ ಮುಂದುವರಿದಿತ್ತು. ಒಂದು ಸಂಜೆ ಅದರಲ್ಲಿ ಊರು ಹೊತ್ತಿ ಉರಿಯುತ್ತಿತ್ತು, ಜನ ಚೀರಾಡುತ್ತ ಅಂಗಡಿಗಳನ್ನು ದೋಚುತ್ತಿದ್ದರು. ನಂಬುವ ಹಾಗಿದೆಯಾ ಎಂದು ಜ್ಯೋತಿಲಕ್ಷ್ಮಿ ಕೇಳಿದಳು.

ಅಪ್ಪಯ್ಯಣ್ಣ ಟಿ.ವಿ.ಯ ದನಿ ಕಡಿಮೆ ಮಾಡಿದ. “ಇಷ್ಟೊಂದು ಗಲಾಟೆ ಆಗಲ್ಲ ಕಣಮ್ಮ,” ಎಂದ. “ಶುರುವಾಗುವಾಗ ಯಾರೂ ಕೂಗಾಡಲ್ಲ. ಎಲ್ಲರೂ ಮೆತ್ತಗೇ ಮಾತಾಡ್ತಾರೆ. ನಾನೂ ಹಂಗೇ ಮಾತಾಡಿದ್ದು.”

ಅವನು ಹೇಳಿದ ನಾಲ್ಕು ದಿನ ಎಂದೋ ಮುಗಿದಿತ್ತು. ಮುನಿವೆಂಕಟಮ್ಮ ಮಾತ್ರ ಡೇರಿಗೆ ಬಂದಿರಲಿಲ್ಲ. ಮಾರನೆಯ ಬೆಳಗ್ಗೆ ಅವನು ಅವಳ ಮನೆಗೆ ಹೋದ. ಅವಳು ಹಾಲು ಕರೆದು ಕ್ಯಾನಿಗೆ ಸುರಿಯುತ್ತಿದ್ದಳು. ಪಕ್ಕದ ಊರಿನಲ್ಲಿ ಒಂದು ಹೋಟೆಲಿಗೆ ಕೊಟ್ಟು ಬರುತ್ತಿದ್ದೇನೆ ಎಂದಳು. ಅಷ್ಟು ದೂರ ಏಕೆ ಹೊರುತ್ತೀಯ, ಡೇರಿಗೆ ಬರಬಾರದೇ, ನನ್ನ ಮೇಲೆ ಕೋಪವೇ ಎಂದು ಅವನು ಕೇಳಿದ.

“ಬೈದಿದ್ರೆ ನಾನೂ ನಾಲ್ಕು ಬೈದು, ಮಾರನೇ ದಿನ ಬರ್ತಿದ್ದೆ ಅಣ್ಣ,” ಎಂದಳು. “ನೀವು ಅಷ್ಟು ಚೆನ್ನಾಗಿ ಬರಬೇಡ ಅಂದ್ರಲ್ಲ, ಮತ್ತೆ ಹೆಂಗೆ ಬರೋದು ಅಂತ ಗೊತ್ತಾಗ್ಲಿಲ್ಲ.”

ಅಪ್ಪಯ್ಯಣ್ಣ ಬಗ್ಗಿ ಕ್ಯಾನಿನ ಮುಚ್ಚಳ ಒತ್ತಿ, ತಾನೇ ಎತ್ತಿಕೊಂಡ. ಅವಳು ಬೇಡವೆಂದಳು. ಅವನು ಕೇಳಲಿಲ್ಲ. ಡೇರಿಯಲ್ಲಿ ಆಗಲೇ ಸಾಲಿತ್ತು. ಅಧ್ಯಕ್ಷ ನೇರ ಒಳಗೆ ಹೋಗುತ್ತಾನೆಂದು ಜನ ಸರಿದರು. ಅವನು ಹೋಗದೆ, ಸಾಲಿನ ಕೊನೆಯಲ್ಲಿ ಕ್ಯಾನು ಹಿಡಿದು ನಿಂತ. ಯಾರ ಹಾಲು ಎಂದು ಯಾರೂ ಕೇಳಲಿಲ್ಲ, ಹಿಂದೆ ನಿಂತಿದ್ದ ಮುನಿವೆಂಕಟಮ್ಮನನ್ನು ನೋಡಿಯೇ ತಿಳಿದಿತ್ತು. ಸರದಿ ಬಂದಾಗ ಹಾಲನ್ನು ಪರೀಕ್ಷೆ ಮಾಡಿ, ಅಳೆದು, ದೊಡ್ಡ ಕ್ಯಾನಿಗೆ ಸುರಿದರು.

ದಿನದ ಟೀಗೆ ಡೇರಿಯಿಂದಲೇ ಹಾಲು ಕೊಳ್ಳುವ ಪಿಳ್ಳಣ್ಣ ಪಾತ್ರೆ ಹಿಡಿದು ಅಲ್ಲೇ ಪಕ್ಕದಲ್ಲಿ ಕಾಯುತ್ತಿದ್ದ. ತುಂಬಿದ ಕ್ಯಾನನ್ನು ನೋಡಿದ. ಮುನಿವೆಂಕಟಮ್ಮನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಹಾಲು ಹೊಯ್ಯುವವನು ಸೌಟು ಎತ್ತಿ, ಅಣ್ಣ, ಹಾಕ್ಲಾ ಎಂದ. ಪಿಳ್ಳಣ್ಣ ಸ್ವಲ್ಪ ತಡೆದು, ಆಮೇಲೆ ಪಾತ್ರೆಯನ್ನು ಮುಂದೆ ಒಡ್ಡಿದ.