ಡೊಂಕಿನ ನಾಣ್ಯ

ಮಖಮಲ್ಲಿನ ಗುಳಿಯಲ್ಲಿ ನಾಣ್ಯ ಕೂರಲಿಲ್ಲ. ಗ್ರಂಥಾಲಯದ ಕೆಲಸ ಮುಗಿಸಿ ಬಂದ ಅಕ್ಕ, ಹೆಗಲ ಚೀಲವನ್ನೂ ಇಳಿಸದೆ ಮೂರು ಸಲ ಕೂರಿಸಿ ನೋಡಿದಳು. ನಾಣ್ಯದ ಡೊಂಕನ್ನು ಅಳೆದು ಆ ಗುಳಿಯನ್ನು ಬ್ಲೇಡಿನಿಂದ ಕೊರೆದವಳು ಅವಳೇ. ಈಗ ನಾಣ್ಯ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು.

"ಇದನ್ನ ಯಾರು ಮುಟ್ಟಿದ್ದು?"

ಗಾಜಿನ ಕಪಾಟಿನ ಬಾಗಿಲು ರಿಪೇರಿಗೆಂದು ಬಂದಿದ್ದ ತಮ್ಮ ತಲೆ ಎತ್ತಿದ. ಗುದ್ದಿಸಿಕೊಂಡ ಕಾರುಗಳನ್ನು ಸಪಾಟು ಮಾಡುವ ಟಿಂಕರಿಂಗ್ ಅಂಗಡಿ ಅವನದು. ಡೊಂಕು ಕಂಡರೆ ಸಾಕು, ಕೈ ತುರಿಸುತ್ತದೆ.

"ನಾನೇ ಅಕ್ಕ. ಭಾನುವಾರ ಪ್ರದರ್ಶನಕ್ಕೆ ಇಡ್ತೀನಿ ಅಂದಿದ್ಯಲ್ಲ, ಸೊಟ್ಟಗಿದ್ರೆ ಜನ ನಗಲ್ವಾ? ಕೆಳಗೆ ತೊಗಲು ಹಾಸಿ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿದೆ. ಅದರ ಮೇಲಿರೋ ರಾಜನ ಮೂಗಿಗೂ ಏನೂ ಆಗಿಲ್ಲ ನೋಡು."

"ರಾಜನ ಮೂಗು ಕಟ್ಕೊಂಡು ನನಗೇನಾಗ್ಬೇಕು?"

ಹನ್ನೊಂದು ವರ್ಷ ಹುಡುಕಿದ ನಾಣ್ಯ ಅದು. ಮುನ್ನೂರು ವರ್ಷ ಹಳೆಯ, ಇಂಗ್ಲೆಂಡಿನ ಆರು ಪೆನ್ಸಿನ ಬೆಳ್ಳಿ ಚಿಲ್ಲರೆ. ಅಲ್ಲಿಯ ಹುಡುಗರು ಮನಸ್ಸಿಗೆ ಬಂದ ಹುಡುಗಿಗೆ ಕೊಡಲೆಂದೇ ಇಂಥದ್ದನ್ನು ಬಗ್ಗಿಸುತ್ತಿದ್ದರು, ಇದು ಖರ್ಚಿಗಲ್ಲ, ನಿನಗೆ ಎಂಬ ಗುರುತಿಗೆ. ನೆಟ್ಟಗಿನವು ಅಕ್ಕನ ಬಳಿ ನಲವತ್ತಿದ್ದವು. ಡೊಂಕಿನದು ಇದೊಂದೇ.

"ಆ ಡೊಂಕೇ ಕಣೋ ಅದರ ಜೀವ. ಯಾವನೋ ಪುಣ್ಯಾತ್ಮ ಬೆರಳು ನೋಯಿಸ್ಕೊಂಡು ಬಗ್ಗಿಸಿದ್ದ. ಅವನ ಹುಡುಗಿ ಬಿಸಾಡದೆ ಇಟ್ಕೊಂಡಿದ್ದಳು. ನಿನ್ನ ಕೈಗೆ ಸಿಕ್ಕಿ ಅರ್ಧ ಗಂಟೇಲಿ ಇಬ್ಬರದೂ ಮುಗೀತು."

ತಮ್ಮನ ಮುಖ ಸಣ್ಣದಾಯಿತು. "ಮತ್ತೆ ಬಗ್ಗಿಸಿಕೊಡ್ಲಾ? ಫೋಟೋ ಇದ್ರೆ ಹಂಗೇ ಮಾಡ್ತೀನಿ."

"ಯಾರ ಮೇಲೆ ಮನಸ್ಸಾಗಿದೆ ಅಂತ ಬಗ್ಗಿಸ್ತೀಯ? ನಿನ್ನ ಸ್ಪ್ಯಾನರ್ ಮೇಲಾ?"

ಅವನು ನಗಲು ಹೋಗಿ ತಡೆದುಕೊಂಡ. "ಕೇಳಬೇಕಿತ್ತು ನಾನು."

"ಕೇಳಬೇಕಿತ್ತು. ದೇವರು ಬಾಯಿ ಕೊಟ್ಟಿರೋದು ಉಣ್ಣೋಕೆ ಮಾತ್ರ ಅಲ್ಲ. ಈಗ ಎದ್ದು ಹೋಗು."

ಅವನು ಸಾಮಾನು ತುಂಬಿಕೊಂಡ. ನೆಲಕ್ಕೆ ಬಿದ್ದಿದ್ದ ಎಣ್ಣೆಯ ಹನಿಯನ್ನು ತನ್ನ ಕರ್ಚೀಫಿನಲ್ಲೇ ಒರೆಸಿ ಹೊರಟ.

'ಪ್ರೀತಿಗಾಗಿ ಬಗ್ಗಿಸಿದ್ದು' ಎಂದು ದುಂಡಗೆ ಬರೆದಿಟ್ಟಿದ್ದ ಚೀಟಿಯನ್ನು ಅಕ್ಕ ನಾಲ್ಕು ಚೂರು ಮಾಡಿದಳು. ನಾಣ್ಯವನ್ನು ಒಯ್ದು ನೆಟ್ಟಗಿನವುಗಳ ಸಾಲಿಗೆ ಸೇರಿಸಿದಳು, ನಲವತ್ತೊಂದನೆಯದಾಗಿ. ಸಿಟ್ಟು ಇಳಿಯಲಿಲ್ಲ. ಗಾಜು ಒಡೆದರೆ ಒಡೆಯಲಿ ಎಂದು ಕಪಾಟಿನ ಬಾಗಿಲನ್ನು ಬಲವಾಗಿ ಬಡಿದಳು.

ವರ್ಷಗಟ್ಟಲೆ ಕಿರುಗುಟ್ಟಿದ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಅವಳ ಬೆರಳು ಸಿಕ್ಕಿಕೊಳ್ಳದಿರಲೆಂದು ಅವನು ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದ.

ತೆರೆದು ಇನ್ನೊಮ್ಮೆ ಬಡಿದಳು. ಆಗಲೂ ಸದ್ದಾಗಲಿಲ್ಲ.