ಒದ್ದೆ ಮಾಡದ ಬರ್ಫ

ಬಸವಂತರಾಯ ಮಗಳ ಫೋನನ್ನು ಅಂಗಳದ ಬಿಸಿಲಿನಿಂದ ಪಡಸಾಲೆಯ ನೆರಳಿಗೆ ತಂದ. ಅದರಲ್ಲಿ ಬಂದಿದ್ದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಅಳಿಯನ ಮುಖವೊಂದೇ ಕಾಣುವಂತೆ ಮಾಡಿದ.

"ಇಲ್ಲಿ ಬಾ," ಎಂದು ಹೆಂಡತಿ ರೇಣಮ್ಮನನ್ನು ಕರೆದ. "ಈ ಮಾರಿ ನೋಡು. ಬರ್ಫದಾಗ ಇರೋ ಮನುಷ್ಯಾನ ಮಾರಿ ಏನು ಇದು?"

ರೇಣಮ್ಮ ರೊಟ್ಟಿ ಹಿಟ್ಟಿನ ಕೈ ಹಿಂದಕ್ಕೆ ಮಾಡಿಕೊಂಡು ಬಗ್ಗಿದಳು. "ಕರ್ರಗಾಗ್ಯಾನ ನೋಡ್ರಿ ಪಾಪ. ತುಟಿ ಒಡದಾವ."

"ಅದನ್ನ ಹೇಳಾಕತ್ತೇನಿ. ನಮ್ಮ ಕುರಿಗಾರರು ಬ್ಯಾಸಿಗ್ಯಾಗ ಬೈಲು ತಿರುಗಿ ಬಂದಾಗ ಹಿಂಗ ಕಾಣ್ತಾರ. ಥಂಡಿಯಾಗ ಕುಂತವನ ಮಾರಿ ಬೂದಿ ಬಳದಂಗ ಬೆಳ್ಳಗಾಗತದ, ಹೆಂಚಿನಂಗ ಸುಡಂಗಿಲ್ಲ."

"ಹಿಂದ ಬೆಳ್ಳನ ಗುಡ್ಡ ಕಾಣ್ತದಲ್ರಿ?"

"ಸುಣ್ಣದ ರಾಶಿನೂ ಬೆಳ್ಳಗ ಇರ್ತದ. ಮ್ಯಾಲ ಆಕಾಶದಾಗ ನೋಡು, ಒಂದು ಮಾಡ ಇಲ್ಲ. ಮಾಡ ಇಲ್ಲದ ಬರ್ಫ ಎಲ್ಲಿಂದ ಬೀಳ್ತದ?"

ಒಳಕೋಣೆಯಲ್ಲಿ ಮಗಳು ಸುಮಲತಾ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವಳಿಗೆ ಕೇಳಿಸೀತೆಂದು ರೇಣಮ್ಮ ಅತ್ತ ಕಣ್ಣು ತೋರಿಸಿ ಒಲೆಯ ಕಡೆ ಹೋದಳು.

ಕೂಸಿಗೆ ಮೂರನೇ ತಿಂಗಳು ನಡೆದಿತ್ತು. ತೊಟ್ಟಿಲಿಗೆ ಹಾಕಿದ ದಿನವೂ ಅಪ್ಪ ಇರಲಿಲ್ಲ. ಶಹಾಪುರದ ಆಚೆಯ ಹಳ್ಳಿಯ ಆ ಹುಡುಗ, ಬೀರೇಶ, ರಸ್ತೆ ಮಾಡುವ ಕಂಪನಿಯೊಂದರಲ್ಲಿ ಮಷಿನ್ ನಡೆಸುತ್ತಿದ್ದ. ಎರಡು ವರ್ಷದಿಂದ ಕೆಲಸ ದೂರದ ಲಡಾಖದ ಗುಡ್ಡಗಳಲ್ಲಿ. ದೀಪಾವಳಿಗೆ ಬರುತ್ತೇನೆಂದ, ಬರಲಿಲ್ಲ. ಎಳ್ಳಮಾವಾಸ್ಯೆಗೆ ಬರುತ್ತೇನೆಂದ, ಅದೂ ಹೋಗಿ ಎಂಟು ದಿನವಾಯಿತು. ಕೇಳಿದಾಗಲೆಲ್ಲ ಒಂದೇ ಮಾತು: ಬರ್ಫ ಬಿದ್ದದ, ಗುಡ್ಡ ದಾಟೋ ಘಾಟ್ ಬಂದ್ ಆಗ್ಯದ.

ಇಷ್ಟೇ ಆಗಿದ್ದರೆ ಬಸವಂತರಾಯ ತಾಳಿಕೊಳ್ಳುತ್ತಿದ್ದನೇನೋ. ಆದರೆ ಅದೇ ಕಂಪನಿಯಲ್ಲಿದ್ದ ಭೀಮಾಶಂಕರ ದೀಪಾವಳಿಗೆ ಮೊದಲೇ ಊರಿಗೆ ಬಂದಿದ್ದ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಬಸವಂತರಾಯ ಬೇರೆ ಮಾತಿನ ನಡುವೆ ಕೇಳಿದ್ದ: ಥಂಡಿಯಾಗ ಅಲ್ಲಿ ಕೆಲಸ ನಡೀತದೇನು? "ಎಲ್ಲಿ ಕೆಲಸ ಕಾಕಾ? ಬರ್ಫ ಬಿತ್ತಂದ್ರ ರಸ್ತೆ ಕೆಲಸ ಬಂದ್. ನಾವೆಲ್ಲ ಬಂದ್ಬಿಡ್ತೀವಿ," ಎಂದಿದ್ದ ಭೀಮಾಶಂಕರ. ಆ 'ನಾವೆಲ್ಲ' ಅನ್ನುವುದು ಬಸವಂತರಾಯನ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಕೆಲಸ ಬಂದ್ ಆದ ಜಾಗದಲ್ಲಿ ಹೆಂಡತಿ ಮಕ್ಕಳಿದ್ದವನು ಯಾಕೆ ಉಳಿಯುತ್ತಾನೆ? ಬಸವಂತರಾಯನಿಗೆ ಗೊತ್ತಿದ್ದ ಕಾರಣ ಒಂದೇ. ಅವನದೇ ಓಣಿಯ ಒಬ್ಬ ಪುಣೆಗೆ ದುಡಿಯಲು ಹೋಗಿ, ಆರು ವರ್ಷ ನೆಪ ಹೇಳುತ್ತ, ಕೊನೆಗೆ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದು ಬಯಲಾಗಿತ್ತು.

"ಬರ್ಫ ತಗಿಯೋ ಮಷಿನ್ ಮ್ಯಾಲ ಹಾಕ್ಯಾರಂತಪ್ಪ ಅವರ್ನ," ಎಂದು ಸುಮಲತಾ ಒಮ್ಮೆ ಹೇಳಿದ್ದಳು. "ರಸ್ತೆ ತೆರದಿಡಾಕ ಮಂದಿ ಬೇಕಂತ."

ಬಸವಂತರಾಯ "ಹೂಂ" ಎಂದಿದ್ದ. ಮಗಳಿಗೆ ಇನ್ನೇನು ಹೇಳುವುದು. ಗಂಡನ ಮಾತು ನಂಬುವ ವಯಸ್ಸು ಅವಳದು.

ಬಸವಂತರಾಯ ಕಂಬಳಿ ನೇಯುವವನು. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು, ಮನುಷ್ಯರನ್ನು ನೂಲಿನ ಹಾಗೆ ನೋಡುವುದನ್ನು ಕಲಿತಿದ್ದ. ಮಿಲ್ಲಿನ ಪ್ಲಾಸ್ಟಿಕ್ ನೂಲು ಬೆರೆಸಿ ಉಣ್ಣೆಯೆಂದು ತಂದವರ ಎದುರಿಗೇ ಒಂದು ಎಳೆ ಕಿತ್ತು ಕಡ್ಡಿ ಗೀರುತ್ತಿದ್ದ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಮಿಲ್ಲಿನದಾದರೆ ಕರಗಿ ಗುಂಡಾಗುತ್ತದೆ. ಜಗಳವಿಲ್ಲ, ಮಾತಿಲ್ಲ. ಎಲ್ಲ ಸುಳ್ಳಿಗೂ ಇಂಥದೊಂದು ಕಡ್ಡಿ ಇರುತ್ತದೆ, ಎಲ್ಲಿ ಗೀರಬೇಕು ಎನ್ನುವುದು ಗೊತ್ತಿರಬೇಕು ಎಂದು ಅವನ ನಂಬಿಕೆ.

ಅಳಿಯನಿಗೆ ಗೀರುವ ಕಡ್ಡಿ ಆ ಮಧ್ಯಾಹ್ನ ಹೊಳೆಯಿತು. ಮದುವೆಯಲ್ಲಿ ಅವನಿಗೆ ತಾನೇ ನೇಯ್ದ ಕರಿ ಕಂಬಳಿಯೊಂದನ್ನು ಹೊದಿಸಿದ್ದ. ಅದನ್ನು ಬೀರೇಶ ಅಲ್ಲಿಗೆ ಒಯ್ದಿದ್ದ. ಕಂಬಳಿಯ ಸ್ವಭಾವ ಬಸವಂತರಾಯನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಿಟಿಜಿಟಿ ಮಳೆ ತಡೆಯುತ್ತದೆ, ಜೋರು ಮಳೆಯಲ್ಲಿ ನೀರು ಕುಡಿದು ಹೆಗಲ ಮೇಲೆ ಕುರಿಮರಿ ಹೊತ್ತಷ್ಟು ಭಾರವಾಗುತ್ತದೆ. ಬರ್ಫ ಬೀಳುವುದನ್ನು ಅವನು ಕಂಡಿರಲಿಲ್ಲ, ಆಣಿಕಲ್ಲು ಕಂಡಿದ್ದ. ಎರಡು ವರ್ಷದ ಹಿಂದೆ ಹೊಲದ ದಾರಿಯಲ್ಲಿ ಆಣಿಕಲ್ಲು ಮಳೆಗೆ ಸಿಕ್ಕಿ, ಮನೆ ಮುಟ್ಟುವಾಗ ಕಂಬಳಿ ಹಿಂಡಿದರೆ ಬಿಂದಿಗೆ ನೀರು ಬರುವಂತಿತ್ತು.

ಮಗಳ ಅದೇ ಫೋನು ಹಿಡಿದು ಮನೆಯ ಹಿಂದಿನ ಬಂಡೆಗಳ ಹತ್ತಿರ ಹೋಗಿ ನಿಂತ. ಮೂರನೇ ಸಲಕ್ಕೆ ಸಿಕ್ಕಿತು. ಮಗಳಲ್ಲ, ತಾನೆಂದು ಹೇಳಿದ.

"ನಮಸ್ಕಾರ್ರಿ ಮಾವಾರ. ಕೂಸು ಆರಾಮ ಅದರಿ?"

"ಆರಾಮ ಅದ. ನಿಮ್ಮ ಕಡೆ ಬರ್ಫ ಹೆಂಗ?"

"ಮೊನ್ನಿ ರಾತ್ರಿ ಸೊಂಟದ ಮಟ ಬಿದ್ದದ್ರಿ. ಈಗ ಬಿಸಲು ಬಿದ್ದದ."

"ಅಲ್ಲಾ, ನಾ ಕೊಟ್ಟ ಕಂಬಳಿ ಹೊದ್ಕೊತೀರೋ ಇಲ್ಲೋ?"

"ಅದಿಲ್ದ ಹೊರಗ ಕಾಲ ಇಡಲ್ರಿ. ಎಲ್ಲಾರೂ ಕೇಳ್ತಾರ, ಎಲ್ಲಿಂದು ಅಂತ."

"ತೊಯ್ದು ಭಾಳ ಭಾರ ಆಗತದೇನೋ ಪಾಪ. ಹೆಂಗ ಒಣಗಸ್ತೀರಿ?"

ಬೀರೇಶ ಸಣ್ಣಗೆ ನಕ್ಕ. "ತೊಯ್ಯಂಗಿಲ್ರಿ ಮಾವಾರ. ಇಲ್ಲಿ ಬರ್ಫ ಒದ್ದಿ ಮಾಡಲ್ಲ. ಜ್ವಾಳದ ಹಿಟ್ಟು ಬಿದ್ದಂಗ ಬೀಳ್ತದ, ಜಾಡಿಸಿದ್ರ ಹೋಗತದ."

ಬಸವಂತರಾಯ ಬಂಡೆಗೆ ಒರಗಿದ. ಸಿಕ್ಕಿಬಿದ್ದ. ನೀರು ಗಟ್ಟಿಯಾದರೆ ಬರ್ಫ. ನೀರು ಮೈಮೇಲೆ ಬಿದ್ದು ಒದ್ದೆ ಮಾಡುವುದಿಲ್ಲವೆಂದರೆ, ಸುಳ್ಳು ಹೇಳುವವನಿಗೆ ಬರ್ಫ ಎಂದರೇನೆಂದೇ ಗೊತ್ತಿಲ್ಲ.

"ಅಳಿಯಾರ," ಎಂದ, ದನಿ ಏರಿಸದೆ. "ಆರು ದಿನಕ್ಕ ಬರೋ ಬನದ ಹುಣ್ಣಿಮಿ ಒಳಗ ನೀವು ಬಂದು ಹೆಂಡ್ತಿ ಮಗೂನ ಕರಕೊಂಡು ಹೋಗಬೇಕು. ಬರಲಿಲ್ಲ ಅಂದ್ರ ಮುಂದ ಬಂದರೂ ನಾ ಕಳಸಂಗಿಲ್ಲ. ಆಕಿ ನನ್ನ ಮನ್ಯಾಗ ಇರ್ತಾಳ."

"ಘಾಟ್ ಬಂದ್ ಅದರಿ ಮಾವಾರ."

"ಬರೋ ಮನಸಿದ್ರ ಘಾಟ್ ತೆರಿತದ. ಈ ಮಾತು ಸುಮಾಗ ಹೇಳೂದು ಬ್ಯಾಡ. ನನ್ನ ನಿಮ್ಮ ನಡುವ ಇರಲಿ."

ಗಾಳಿಯ ಸದ್ದಿನ ನಡುವೆ ಬೀರೇಶ, "ಆತ್ರಿ. ನಾಳಿ ಮುಂಜಾನಿ ಹೊಂಡತೀನಿ," ಎಂದ.

ಬಸವಂತರಾಯ ಮನೆಗೆ ಬರುತ್ತ ತನ್ನಷ್ಟಕ್ಕೆ ತಲೆಯಾಡಿಸಿಕೊಂಡ. ಈ ಗಳಿಗೆಯವರೆಗೆ ಬಂದ್ ಇದ್ದ ಘಾಟು ಗದರಿಸಿದ ಕೂಡಲೇ ತೆರೆಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮರುದಿನ ಮುಂಜಾನೆ ಬಾಣಂತಿಗೆ ಅಜವಾನದ ಕಾಳು ಬೇಕೆಂದು ರೇಣಮ್ಮ ಕಳಿಸಿದಳು. ಚಳಿ ಕಚ್ಚುತ್ತಿತ್ತು. ಕಂಬಳಿ ಹೊದ್ದು ಇಳಿಜಾರಿನ ಓಣಿಯಲ್ಲಿ ಇಳಿದು ಖುರ್ಷೀದಬೇಗಂಳ ಕಿರಾಣಿ ಅಂಗಡಿಗೆ ಹೋದ. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಐಸ್‌ಕ್ರೀಮಿನ ಉದ್ದನೆಯ ಫ್ರೀಜರ್ ಡಬ್ಬಿಯೊಳಗೆ ಅರ್ಧ ದೇಹ ಇಳಿಸಿ ಏನೋ ಕೆರೆಯುತ್ತಿದ್ದಳು.

"ಏನು ಆಪಾ, ಒಳಗ ಯಾರರ ಬಿದ್ದಾರೇನು?"

"ಬೀಳ್ತಾರ ಬಸವಂತಣ್ಣ, ಉಧಾರಿ ಕೇಳಾಕ ಬಂದವರನ್ನೆಲ್ಲ ಇದರಾಗ ಹಾಕ್ತೀನಿ." ಅವಳು ತಲೆ ಎತ್ತಲಿಲ್ಲ. "ಈ ಥಂಡಿಯಾಗ ಐಸ್‌ಕ್ರೀಮ್ ಯಾರು ತಿಂತಾರ? ಖಾಲಿ ಮಾಡಿ ಸಾಫ್ ಮಾಡಾಕತ್ತೇನಿ. ಗ್ವಾಡಿಗೆಲ್ಲ ಬರ್ಫ ಹೆಂಗ ಹಿಡದದ ನೋಡು. ಅಜವಾನ ಆ ಮೂಲಿ ಬರಣ್ಯಾಗ ಅದ, ನೀನೇ ತಗೋ."

ಬಸವಂತರಾಯ ಅವಳ ಹಿಂದಿನಿಂದ ಮೂಲೆಗೆ ಕೈ ಚಾಚಿದ. ಅದೇ ಹೊತ್ತಿಗೆ ಅವಳು ತಟ್ಟೆಯ ತುಂಬ ಕೆರೆದದ್ದನ್ನು ಹೊರಗೆ ಎಸೆಯಲೆಂದು ತಿರುಗಿದಳು. ಎಲ್ಲ ಅವನ ಹೆಗಲ ಮೇಲೆ ಸುರಿಯಿತು.

"ಯಾ ಅಲ್ಲಾ. ತೊಯ್ಸಿಬಿಟ್ಟೆ ನೋಡು ನಿನ್ನ. ಜಾಡಿಸ್ಕೋ, ಜಾಡಿಸ್ಕೋ."

ಅವನು ಜಾಡಿಸಿಕೊಂಡ. ಬೆಳ್ಳಗಿದ್ದದ್ದು ಉರುಳಿ ನೆಲಕ್ಕೆ ಬಿತ್ತು. ಹೆಗಲು ಮುಟ್ಟಿ ನೋಡಿದ. ಒಣಗಿತ್ತು.

ಆಮೇಲೆ ಡಬ್ಬಿಯೊಳಗೆ ಕೈ ಹಾಕಿ ಗೋಡೆಯಿಂದ ಒಂದು ಹಿಡಿ ಕಿತ್ತು, ಕಂಬಳಿಯ ಮೇಲೆ ಉದುರಿಸಿ, ಮತ್ತೆ ಜಾಡಿಸಿದ. ಉಣ್ಣೆಯ ಒಂದು ಎಳೆಯೂ ನೆನೆದಿರಲಿಲ್ಲ. ಕೈಗೆ ಹತ್ತಿದ್ದು ಮಾತ್ರ ನೀರಾಗಿತ್ತು.

"ಹುಚ್ಚು ಹಿಡೀತೇನು ನಿನಗ?" ಎಂದಳು ಖುರ್ಷೀದಬೇಗಂ.

"ಇದು ಯಾಕ ಒದ್ದಿ ಮಾಡಲಿಲ್ಲ ಆಪಾ?"

"ಥಂಡಿ ಪೂರಾ ಇಟ್ರ ಹಿಟ್ಟಿನಂಗ ಆಗತದ. ಕಡಿಮಿ ಇಟ್ರ ಪಚಪಚ ನೀರು. ಪ್ರತಿ ವರ್ಷ ಕೆರಿಯೋಳು ನಾನು, ನನಗ ಗೊತ್ತಿಲ್ಲೇನು?"

ಅಜವಾನ ಮರೆತು ಬಸವಂತರಾಯ ಓಣಿ ಏರಿದ. ನಡುವೆ ನಿಂತು ತನ್ನ ಫೋನಿನಿಂದ ಬೀರೇಶನಿಗೆ ಹಚ್ಚಿದ. ಸ್ವಿಚ್ ಆಫ್. ಮತ್ತೆ ಹಚ್ಚಿದ. ನಂತರ ಭೀಮಾಶಂಕರನಿಗೆ ಹಚ್ಚಿದ.

"ಖರೇ ಹೇಳು ತಮ್ಮಾ. ಥಂಡಿಯಾಗ ಅಲ್ಲಿ ಯಾರೂ ಉಳಿಯಂಗಿಲ್ಲೇನು?"

"ಮಷಿನ್ ನಡಸೋರು ನಾಲ್ಕೈದು ಮಂದಿ ಉಳಿತಾರ್ರಿ ಕಾಕಾ, ಬರ್ಫ ಸರಸಾಕ."

"ಅವತ್ತ ಯಾಕ ಹೇಳಲಿಲ್ಲ?"

"ನೀವು ರಸ್ತೆ ಕೆಲಸ ಕೇಳಿದ್ರಿ." ಭೀಮಾಶಂಕರ ದನಿ ಇಳಿಸಿದ. "ನನಗೂ ಇರು ಅಂದ್ರು ಕಾಕಾ. ನಾ ಅಂಜಿ ಬಂದೆ. ಅದನ್ನೇನು ಮಂದಿ ಮುಂದ ಹೇಳ್ಕೊಳ್ಳೋದು?"

"ಅಂಜಾಕ ಏನದ ಅಲ್ಲಿ?"

"ಬರ್ಫ ಬಿದ್ದು ಬಿಸಲು ಬಿತ್ತಂದ್ರ ಮ್ಯಾಲಿಂದು ಸಡ್ಲಾಗಿ ಕೆಳಗ ಜಾರತದ್ರಿ. ಗಾಡಿ ಸಮೇತ ಒಯ್ತದ. ಆ ಬಿಸಲು ಮಾರಿ ಸುಡತದ, ಮ್ಯಾಲ ಒಂದು ಮಾಡ ಇರಂಗಿಲ್ಲ. ಹೊಸಬರು ಅದಕ್ಕ ಮೋಸ ಹೋಗ್ತಾರ."

ಆ ದಿನವೆಲ್ಲ ಬಸವಂತರಾಯ ಮಗ್ಗಕ್ಕೆ ಇಳಿಯಲಿಲ್ಲ. ರೇಣಮ್ಮ ಅಜವಾನ ಕೇಳಿದರೆ ಅಂಗಡಿ ಮುಚ್ಚಿತ್ತೆಂದ. ತನ್ನದರಿಂದ, ಮಗಳದರಿಂದ, ಹದಿನಾರು ಸಲ ಫೋನು ಹಚ್ಚಿದ, ಹದಿನಾರು ಸಲ ಅದೇ ಹೆಣ್ಣುದನಿ ಅದೇ ಮಾತು ಹೇಳಿತು. ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತ ಅವನನ್ನೇ ನೋಡುತ್ತಿದ್ದಳು.

"ಯಾರಿಗಪ್ಪ ಅಷ್ಟು ಸಲ ಹಚ್ಚಾಕತ್ತಿ?"

"ನೂಲಿನ ಮಂದಿಗಿ."

"ನೂಲಿನ ಮಂದಿಗಿ ನನ್ನ ಫೋನ್ ಯಾಕ ಬೇಕು ನಿನಗ? ನಿಂದು ಇಲ್ಲೇನು?"

ಅವನು ಮಗಳ ಫೋನನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ತೆಗೆದುಕೊಂಡು, ಅದರಲ್ಲಿ ಏನೋ ನೋಡಿ, ಮತ್ತೆ ಅವನನ್ನು ನೋಡಿದಳು. ನಿನ್ನೆ ಮಧ್ಯಾಹ್ನ ತನ್ನ ಗಂಡನ ನಂಬರಿಗೆ ಇದರಿಂದ ಮಾತು ಹೋಗಿದ್ದು, ಇವತ್ತು ಮತ್ತೆ ಮತ್ತೆ ಹಚ್ಚಿದ್ದು ಅಲ್ಲಿ ಬರೆದಿತ್ತು. ಮಗಳ ಕಣ್ಣಲ್ಲಿ ತಾನು ಇಷ್ಟು ದಿನ ಅಳಿಯನನ್ನು ನೋಡುತ್ತಿದ್ದ ನೋಟವೇ ಇತ್ತು.

ಮಾರನೆಯ ದಿನ ಹೊತ್ತೇರಿದಾಗ ಅವಳ ಫೋನಿಗೆ ಗೊತ್ತಿಲ್ಲದ ನಂಬರೊಂದು ಬಂತು. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು, ಕೈ ಜಿಡ್ಡಾಗಿತ್ತು. ಬಸವಂತರಾಯ ಹಾರಿ ಹಿಡಿದ.

"ಯಾರು?"

"ನಾನ್ರಿ ಮಾವಾರ, ಬೀರೇಶ. ನಂದು ಚಾರ್ಜ್ ಹೋಗ್ಯದ, ಇದು ಮಿಲಿಟರಿಯವರ ಫೋನು."

"ಎಲ್ಲಿ ಅದೀರಿ?"

"ಘಾಟಿನ ಕೆಳಗ, ಚೆಕ್‌ಪೋಸ್ಟಿನಾಗ. ನಿನ್ನಿ ದಾಟಾಕ ಹೊಂಟಿದ್ದೆ, ಮುಂದಿನ ಗಾಡಿ ಮ್ಯಾಲ ಬರ್ಫ ಜಾರಿ ಬಿತ್ತು. ಇಬ್ಬರ್ನ ತಗದ್ವಿ, ಜೀವ ಅದ. ಈಗ ಎಲ್ಲಾರನ್ನೂ ಇಲ್ಲೇ ಕೂಡಸ್ಯಾರ. ನಾಳಿ ಬಿಡತಾರೇನೋ ನೋಡ್ತೀನ್ರಿ. ಹುಣ್ಣಿಮಿಗಿ ಇನ್ನಾ ನಾಕು ದಿನ ಅದಾವಲ್ಲ, ಹೆಂಗರ ಮಾಡಿ—"

"ಈಗ ಬೀಳಾಕತ್ತದೇನು?"

"ಹಾಂ ರಿ. ಬೀಳಾಕತ್ತದ."

"ಹಂಗಾರ ಬರಬ್ಯಾಡ್ರಿ. ಬಿಟ್ಟರೂ ಬರಬ್ಯಾಡ್ರಿ. ಬಿಸಲು ಬಿದ್ದರಂತೂ ಬರಲೇಬ್ಯಾಡ್ರಿ. ಯಾವ ಹುಣ್ಣಿಮಿಗಾದರೂ ಆಗಲಿ. ನಿಮ್ಮ ಹೆಂಡ್ತಿ ಮಗೂ ನಿಮ್ಮವು. ನಾ ಇಟ್ಕೊಂಡಿರ್ತೀನಿ, ನೀವು ಬಂದಾಗ ಒಯ್ಯೀರಂತ."

ಸುಮಲತಾ ಎದ್ದು ಬಂದು ಎಣ್ಣೆಯ ಕೈಯಿಂದಲೇ ಫೋನು ಕಸಿದುಕೊಂಡಳು. ಸ್ಪೀಕರ್ ಒತ್ತಿದಳು. ಗಂಡನ ಆರೋಗ್ಯ ಕೇಳಲಿಲ್ಲ, ಬರ್ಫ ಕೇಳಲಿಲ್ಲ. ಅಪ್ಪನ ಮುಖದ ಮೇಲೆ ಕಣ್ಣಿಟ್ಟು ಕೇಳಿದಳು:

"ಘಾಟ್ ಬಂದ್ ಇದ್ದಾಗ ಯಾಕ ಹೊಂಟ್ರಿ? ನಿಮಗ ನಮ್ಮಪ್ಪ ಏನಂದಿದ್ದ?"

ಒಳಗಿನಿಂದ ರೇಣಮ್ಮ ಬಂದು ಬಾಗಿಲಲ್ಲಿ ನಿಂತಳು. ಫೋನಿನಲ್ಲಿ ಗಾಳಿ ಹೊಯ್ಯುತ್ತಿತ್ತು, ಯಾರೋ ಹಿಂದಿಯಲ್ಲಿ ಚಹಾ ಚಹಾ ಎನ್ನುತ್ತಿದ್ದರು. ಬಸವಂತರಾಯ ನೆಲ ನೋಡುತ್ತ ನಿಂತಿದ್ದ.

"ಏನೂ ಅಂದಿಲ್ಲ," ಎಂದ ಬೀರೇಶ. "ಕಂಬಳಿ ಹೆಂಗದ ಅಂತ ಕೇಳಿದ್ರು, ಅಷ್ಟ. ನನಗ ಕೂಸಿನ ಮಾರಿ ನೋಡಬೇಕನಸ್ತು, ಹೊಂಟೆ."

ಸುಮಲತಾ ಸ್ಪೀಕರ್ ತೆಗೆದು, ಫೋನು ಕಿವಿಗಿಟ್ಟುಕೊಂಡು, ಕೂಸಿದ್ದ ಕಡೆ ತಿರುಗಿದಳು.

ಬಸವಂತರಾಯ ಅಂಗಳಕ್ಕೆ ಇಳಿದ. ಹಗ್ಗದ ಮೇಲೆ ಕೂಸಿನ ಬಟ್ಟೆಗಳು ಆಗಲೇ ಒಣಗಿ ಗರಿಗರಿಯಾಗಿದ್ದವು. ಅವನು ಒಂದೊಂದನ್ನೇ ತೆಗೆದು, ಮಗುಚಿ, ಮತ್ತೆ ಬಿಸಿಲಿಗೆ ಹಾಕತೊಡಗಿದ.